ಶಾಸಕರ ಕೈಸನ್ನೆ

ಬಿಳಿ ಅಂಗಿಯ ಕಾಲರಿನ ಒಂದು ಬದಿ ಇಸ್ತ್ರಿಯಾಗಿತ್ತು. ಇನ್ನೊಂದು ಬದಿಗೆ ಅವಳು ನೀರು ಚಿಮುಕಿಸುತ್ತಿದ್ದಾಗ ಗಂಡ ಬಾಗಿಲಲ್ಲಿ ಬಂದು ನಿಂತು ಬಾಯಿ ತೆರೆದರು. ಮಾತು ಬರಲಿಲ್ಲ. ಮತ್ತೊಮ್ಮೆ ತೆರೆದರು. ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಬರೀ ಉಸ್ಸೆಂದಿತು.

ಹಿಂದಿನ ದಿನ ಸಭೆಯ ಮೇಲೆ ಸಭೆ ಮಾಡಿ ಕೂಗಿದ್ದರ ಫಲ. ಮದುವೆಯಾದ ಮೇಲೆ ಮೊದಲ ಸಲ ಆ ಮನೆಯಲ್ಲಿ ಬೆಳಗಿನ ಹೊತ್ತು ಗಡಿಯಾರದ ಶಬ್ದ ಕೇಳಿಸಿತು. ಅವಳಿಗೆ ಅದು ಹಿತವಾಗಿತ್ತು. ಹಿತವಾಯಿತಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು.

ಆದರೆ ಗಂಟಲು ಕೈಕೊಡುವ ದಿನ ಅದಾಗಿರಲಿಲ್ಲ. ಶಾಸಕರಾಗಿದ್ದ ಗಂಡನಿಗೆ ಈ ಸಲದ ಚುನಾವಣೆಗೆ ಪಕ್ಷ ಟಿಕೆಟ್ ಕೊಡುತ್ತದೋ ಇಲ್ಲವೋ ಎಂಬುದು ಆ ಸಂಜೆ ತೀರ್ಮಾನವಾಗಲಿತ್ತು. ಅದಕ್ಕೆ ಮುಂಚೆ ಸಂಜೆಯ ಪತ್ರಿಕೆಯಲ್ಲಿ ಅವರದೊಂದು ಸಂದರ್ಶನ ಬರಲೆಂದು ಅವಳ ಮೈದುನ ಓಡಾಡಿ ಏರ್ಪಾಡು ಮಾಡಿದ್ದ. ವರದಿಗಾರ್ತಿ ಆಗಲೇ ಗೇಟು ತೆಗೆಯುತ್ತಿದ್ದಳು.

"ಉತ್ತರ ಬರೆದು ಕೊಟ್ರಾಯ್ತು" ಎಂದು ಅವಳು ಮೈದುನನಿಗೆ ಹೇಳಿದಳು.

ಮೈದುನ ಹೌಹಾರಿದ. "ಏನತ್ತಿಗೆ ನೀವು. ಬಾಯಲ್ಲಿ ಹೇಳಿದ್ದಾದ್ರೆ ನಾಳೆ ನಾನು ಹಾಗೆ ಹೇಳೇ ಇಲ್ಲ ಅನ್ನಬಹುದು. ಬರೆದು ಕೊಟ್ಟಿದ್ದನ್ನ ಏನು ಮಾಡೋದು? ಅಣ್ಣ ಇಷ್ಟು ವರ್ಷ ಸಹಿ ಬಿಟ್ಟು ಇನ್ನೇನೂ ಬರೆದಿಲ್ಲ. ಅದಕ್ಕೇ ಗೆಲ್ತಾ ಬಂದಿರೋದು."

"ಹಾಗಾದ್ರೆ ಅವರು ಸನ್ನೆ ಮಾಡ್ಲಿ, ನೀನು ಹೇಳು."

ಶಾಸಕರು ಗಂಟಲು ಮುಟ್ಟಿ, ಅಂಗೈ ಬಟ್ಟಲು ಮಾಡಿ ಬಿಸಿನೀರು ಕೇಳಿದರು. ಮೈದುನ ಓಡಿಹೋಗಿ ಟವೆಲು ತಂದ. ಅಲ್ಲಿಗೆ ಸನ್ನೆ ಓದಿ ಹೇಳುವ ಕೆಲಸ ಯಾರ ಪಾಲಿಗೆಂದು ಗೊತ್ತಾಯಿತು. ಫೋನು ಕಿವಿಗಿಟ್ಟುಕೊಂಡೇ ಹುಬ್ಬಿನಲ್ಲಿ, ಬೆರಳಿನಲ್ಲಿ ಅಪ್ಪಣೆ ಕೊಡುವ ಗಂಡನನ್ನು ಅವಳಷ್ಟು ಓದಿದವರು ಯಾರೂ ಇರಲಿಲ್ಲ.

ಗಂಟಲಿಗೆಂದು ಉಪ್ಪುನೀರು ತಂದ ಎದುರುಮನೆಯಾಕೆ, ಲೋಟ ಕೊಟ್ಟು ಹೋಗುವ ಬದಲು ಕುರ್ಚಿ ಎಳೆದುಕೊಂಡು ಕೂತಳು. "ನಮ್ಮನೆಯವರಿಗೂ ಒಂದ್ಸಲ ಹೀಗೇ ಆಗಿತ್ತು ಕಣ್ರೀ" ಎಂದು ಅವಳ ಕಿವಿಯಲ್ಲಿ ಹೇಳಿದಳು. "ವಾಸಿಯಾಗೋವರೆಗೂ ಎಷ್ಟು ಚೆನ್ನಾಗಿತ್ತು."

ವರದಿಗಾರ್ತಿ ಪೆನ್ನು ತೆಗೆದಳು. "ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಏನಂತೀರಿ, ಸರ್?"

ಕುಸಿದ ಸೇತುವೆಯ ಚಿತ್ರ ಹಾಕಿದ್ದಕ್ಕೆ ಇದೇ ಪತ್ರಿಕೆಗೆ ಬರುತ್ತಿದ್ದ ಸರ್ಕಾರಿ ಜಾಹೀರಾತು ನಿಲ್ಲಿಸಿದವರು ಶಾಸಕರೇ. ಅವರು ಬಾಯಿಯ ಮೇಲೆ ಅಂಗೈ ಇಟ್ಟು, ಆಮೇಲೆ ಆ ಕೈಯನ್ನು ಜೋರಾಗಿ ಪಕ್ಕಕ್ಕೆ ಬೀಸಿದರು. ಆ ಮಾತು ಬೇಡ, ಮುಂದಿನದು ಕೇಳಲಿ ಎಂದು ಅವರ ಅರ್ಥ. ಊಟದ ಹೊತ್ತಿಗೆ ಹಾಗೆ ಕೈ ಬೀಸಿದರೆ ತಟ್ಟೆ ತೆಗೆದುಬಿಡು ಎಂದರ್ಥ. ಅವಳು ಅಭ್ಯಾಸಬಲದಿಂದ ಹಾಗೇ ತಿಳಿದಳು.

"ಬಾಯಿ ಮುಚ್ಚಿಸೋದನ್ನೆಲ್ಲ ತೆಗೆದುಬಿಡಬೇಕಂತೆ. ಬರೆಯೋರು ಬರೀಲಿ ಅಂತಾರೆ."

ಶಾಸಕರು ಕುರ್ಚಿಯ ತುದಿಗೆ ಬಂದು ಎರಡೂ ಕೈ ಆಡಿಸಿದರು. ಕಿವಿ ಕೆಂಪಾಯಿತು.

"ಎಷ್ಟು ಕಳಕಳಿ" ಎಂದು ವರದಿಗಾರ್ತಿ ಬರೆದುಕೊಂಡಳು.

ತಾನು ಹೇಳಿದ್ದು ತಪ್ಪಾಯಿತೆಂದು ಹೆಂಡತಿಗೆ ತಿಳಿಯಿತು. ತಿದ್ದಲು ಬಾಯಿ ತೆರೆದಳು. ವರದಿಗಾರ್ತಿ ಪೆನ್ನು ಎತ್ತಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು. ತನ್ನ ಬಾಯಿಂದ ಮುಂದೇನು ಬರುತ್ತದೆಂದು ಯಾರಾದರೂ ಹಾಗೆ ಕಾದದ್ದು ಯಾವಾಗ? ನೆನಪಾಗಲಿಲ್ಲ. ಅವಳು ತಿದ್ದಲಿಲ್ಲ.

"ಚುನಾವಣೆ ಶುದ್ಧವಾಗಿ ನಡೀಬೇಕಾದ್ರೆ?"

ಶಾಸಕರು ಈ ಸಲ ನಿಧಾನವಾಗಿ, ಕಿವುಡರಿಗೆ ತೋರಿಸುವಂತೆ, ಬೆರಳನ್ನು ಸೂರಿನ ಕಡೆ ಎತ್ತಿದರು. ಮೇಲಿನವರನ್ನು ಕೇಳಿ ಎಂಬುದು ಸ್ಪಷ್ಟವಾಗಿತ್ತು. ಅವಳಿಗೂ ಸ್ಪಷ್ಟವಾಗಿಯೇ ಅರ್ಥವಾಯಿತು.

"ಮತದಾರರಿಗೆ ಏನನ್ನೂ ಹಂಚಲ್ವಂತೆ" ಎಂದಳು. "ಒಂದು ಚಮಚಾನೂ."

ಮೈದುನನಿಗೆ ಕೆಮ್ಮು ಹತ್ತಿತು. ಅಣ್ಣನ ಉಪ್ಪುನೀರನ್ನು ಅವನೇ ಕುಡಿದ. ಶಾಸಕರು ಎದ್ದು ನೆಲಕ್ಕೆ ಕಾಲು ಅಪ್ಪಳಿಸಿದರು. ವರದಿಗಾರ್ತಿ ಫೋನಿನಲ್ಲಿ ಚಿತ್ರ ತೆಗೆದಳು.

"ಹಂಚೋರನ್ನ ಹೀಗೆ ತುಳೀಬೇಕು ಅಂತಾರೆ."

"ವ್ಯಾಪಾರ ಎಲ್ಲ ಬಿದ್ದುಹೋಗಿದೆ. ಆರ್ಥಿಕ ಚೇತರಿಕೆಗೆ ಸರ್ಕಾರ ಏನು ಮಾಡ್ಬೇಕು, ಸರ್?"

ಶಾಸಕರು ತಲೆಯ ಮೇಲೆ ಕೈ ಹೊತ್ತು ಕಣ್ಣು ಮುಚ್ಚಿ ಕೂತುಬಿಟ್ಟರು. ಅವಳು ಅವರ ಕಡೆ ನೋಡಲೂ ಇಲ್ಲ. "ದೊಡ್ಡವರಿಗೆ ತೆರಿಗೆ ಬಿಟ್ಟರೆ ಅದು ಅಲ್ಲೇ ಬೆಚ್ಚಗೆ ಕೂತಿರುತ್ತೆ. ಮನೆ ನಡೆಸೋ ಹೆಂಗಸರ ಕೈಗೆ ಕೊಟ್ಟು ನೋಡಿ. ಬೆಳಿಗ್ಗೆ ಬಂದಿದ್ದು ಸಂಜೆಯೊಳಗೆ ದರ್ಜಿ ಹತ್ರ, ತರಕಾರಿಯವಳ ಹತ್ರ, ಚಪ್ಪಲಿ ಹೊಲಿಯೋನ ಹತ್ರ ಹೋಗಿರುತ್ತೆ. ಬೀದಿಗೆ ಬೀದಿಯೇ ಉಸಿರಾಡುತ್ತೆ."

ವರದಿಗಾರ್ತಿ ಅನುಮಾನದಿಂದ ನೋಡಿದಳು. "ಇದಿಷ್ಟೂ ಸರ್ ಹೇಳಿದ್ರಾ?"

"ಅವರು ತಲೆ ಮೇಲೆ ಕೈ ಹೊತ್ತರೆ ಅದರಲ್ಲಿ ಬೇಕಾದಷ್ಟಿರುತ್ತಮ್ಮ" ಎಂದಳು ಎದುರುಮನೆಯಾಕೆ.

ವರದಿಗಾರ್ತಿ ಹೋದಮೇಲೆ ಮನೆ ಸಾವಿನ ಮನೆಯ ಹಾಗಾಯಿತು. "ಮುಳುಗಿಸಿಬಿಟ್ರಿ ಅತ್ತಿಗೆ" ಎಂದು ಮೈದುನ ಗೋಡೆಗೊರಗಿ ಕೂತ. ಗಂಡ ಊಟ ಬಿಟ್ಟು ಮಲಗಿದರು. ಟಿಕೆಟ್ ಹೋದರೆ ಅದು ತನ್ನಿಂದಲೇ ಎಂದು ಅವಳಿಗೆ ಭಯ. ಆದರೂ ಪಾತ್ರೆ ತೊಳೆಯುತ್ತ ತಾನು ಹೇಳಿದ ಮಾತುಗಳನ್ನು ಮತ್ತೆ ಮತ್ತೆ ಹೇಳಿಕೊಂಡಳು. ಯಾವುದನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಸಂಜೆ ಪತ್ರಿಕೆ ಬಂತು. ಮುಖಪುಟದಲ್ಲೇ ಕಾಲು ಅಪ್ಪಳಿಸುತ್ತಿರುವ ಶಾಸಕರ ಚಿತ್ರ, ಪಕ್ಕದಲ್ಲಿ ಅವಳ ಅರ್ಧ ಮೊಣಕೈ. ಓದಿ ಮುಗಿಸುವಷ್ಟರಲ್ಲಿ ಪಕ್ಷದ ಅಧ್ಯಕ್ಷರ ಫೋನು. ಅವರ ಸ್ವರ ಫೋನಿನಿಂದಾಚೆಗೂ ಕೇಳುತ್ತಿತ್ತು. "ಊರೆಲ್ಲ ನಿಮ್ಮದೇ ಮಾತು ಕಣ್ರೀ. ಇನ್ಯಾರಿಗೆ ಕೊಡೋದು? ಟಿಕೆಟ್ ನಿಮಗೇ."

ಶಾಸಕರ ಗಂಟಲು ಅಷ್ಟರಲ್ಲಿ ಗರಗರ ಎನ್ನುವಷ್ಟು ತೆರೆದಿತ್ತು. "ನಾನಿದನ್ನ ಮೊದಲಿಂದಲೂ ಹೇಳ್ತಾನೇ ಬಂದಿದೀನಿ" ಎಂದರು ಅಧ್ಯಕ್ಷರಿಗೆ. ಫೋನಿಟ್ಟು, ಪತ್ರಿಕೆಯನ್ನು ಹೆಂಡತಿಯ ಮುಂದೆ ಹಿಡಿದರು. "ಇಲ್ಲಿ ನೋಡು, ಆರ್ಥಿಕ ಚೇತರಿಕೆ ಅಂದ್ರೆ ಏನು ಅಂತ ನಿನಗೂ ಅರ್ಥ ಆಗೋ ಹಾಗೆ ಹೇಳಿದೀನಿ."

ಅವಳು ನೋಡಿದಳು. ನಗು ಬಂತು, ನುಂಗಿಕೊಂಡಳು. ಹೆಸರು ಯಾರದಾದರೇನು, ಮಾತು ಮುಟ್ಟಿತಲ್ಲ ಎಂದುಕೊಂಡಳು.

ಕತ್ತಲಾದ ಮೇಲೆ ಹಿತ್ತಲ ಕಡೆಯಿಂದ ಲಾರಿಯೊಂದು ಹಿಂದಕ್ಕೆ ಬರುವ ಸದ್ದಾಯಿತು. ಮೈದುನ ಬೆವರುತ್ತ ರಟ್ಟಿನ ಪೆಟ್ಟಿಗೆಗಳನ್ನು ಇಳಿಸತೊಡಗಿದ. ಎಲ್ಲದರ ಮೇಲೂ ಕುಕ್ಕರಿನ ಚಿತ್ರ.

"ಏನ್ರೀ ಇದು? ಹಂಚಲ್ಲ ಅಂತ ಪತ್ರಿಕೇಲಿ..."

"ಅದಕ್ಕೇ ತರಿಸಿದ್ದು" ಎಂದರು ಶಾಸಕರು ಪ್ರಸನ್ನರಾಗಿ. "ಇಷ್ಟು ಹೇಳಿದ ಮೇಲೆ ನಮ್ಮ ಹಿತ್ತಲಿಗೆ ಯಾರು ಬಂದು ನೋಡ್ತಾರೆ? ಆ ಪತ್ರಿಕೆಗೂ ಒಂದು ಪೂರ್ತಿ ಪುಟದ ಜಾಹೀರಾತು ಕೊಡು ಅಂದಿದೀನಿ. ಸ್ವತಂತ್ರವಾಗಿರ್ಲಿ ಪಾಪ. ಇನ್ನು ಇದು, ಹೆಂಗಸರ ಕೈಗೇ ತಲುಪಬೇಕು ಅಂತ ನಾನೇ ಹೇಳಿಬಿಟ್ಟಿದೀನಿ. ಬೀದಿ ಬೀದಿ ಸುತ್ತಿ ಕೊಡೋ ಕೆಲಸ ನಿಂದು. ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ."

 ಅವಳ ಮಾತು ಒಂದೂ ವ್ಯರ್ಥವಾಗಿರಲಿಲ್ಲ. ಒಂದೊಂದಕ್ಕೂ ಅವರು ಕೆಲಸ ಹುಡುಕಿದ್ದರು.

"ಅತ್ತಿಗೆ, ಒಂದು ಕೈ ಕೊಡಿ" ಎಂದ ಮೈದುನ. ಕೊಟ್ಟಳು. ಪೆಟ್ಟಿಗೆ ನೋಡಲು ದೊಡ್ಡದು, ಹೊತ್ತರೆ ಹಗುರ. ಗೋಡೆಯುದ್ದಕ್ಕೂ ಜೋಡಿಸುತ್ತಿದ್ದಾಗ ಅವಳಿಗೆ ಮತಗಟ್ಟೆ ನೆನಪಾಯಿತು. ಶಾಲೆಯ ಕೋಣೆ, ಮೂಲೆಯಲ್ಲಿ ಇಂಥದೇ ರಟ್ಟಿನಿಂದ ಮೂರು ಕಡೆ ಮರೆಮಾಡಿದ ಚಿಕ್ಕ ಮೇಜು. ಪ್ರತಿ ಸಲವೂ ಒಬ್ಬಳೇ ಅದರ ಹಿಂದೆ ಹೋಗಿ, ಯಾರೂ ನೋಡದಿದ್ದರೂ, ಗಂಡನ ಗುರುತಿಗೇ ಒತ್ತಿ ಬಂದಿದ್ದಳು. ಬೇರೆ ಕಡೆ ಒತ್ತಬಹುದೆಂಬ ಯೋಚನೆಯೇ ಇವತ್ತಿನವರೆಗೆ ಬಂದಿರಲಿಲ್ಲ.

"ಏನು ಅಷ್ಟು ಯೋಚನೆ?" ಎಂದರು ಗಂಡ.

"ಏನಿಲ್ಲ. ಗಂಟಲು ಇನ್ನೂ ಸರಿಯಾಗಿಲ್ಲ, ಜಾಸ್ತಿ ಮಾತಾಡಬೇಡಿ" ಎಂದು ಅವಳು ಮುಂದಿನ ಪೆಟ್ಟಿಗೆ ಎತ್ತಿಕೊಂಡಳು.