ಅಡುಗೆಮನೆಗೆ ಬಂದ ಓಟಿಪಿ

ಬಸ್ ಡಿಪೋ ಕಾರ್ಮಿಕ ಸಂಘದ ಕಾರ್ಯದರ್ಶಿಗಳಿಗೆ ಲಾಠಿ ಏಟು ಹೊಸದಲ್ಲ. ಸ್ವಂತ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಪಾಡು ಮಾತ್ರ ಹೊಸದು.

ಮಾಡಿಕೊಂಡದ್ದು ಅವರೇ. ಹಿಂದಿನ ವಾರ ಯಾವನೋ ಕಿಡಿಗೇಡಿ ಸಂಘದ ಸಾಮಾಜಿಕ ಜಾಲತಾಣದ ಖಾತೆಗೆ ನುಗ್ಗಿ, 'ಧರಣಿ ರದ್ದು, ಎಲ್ಲರೂ ಮನೆಗೆ ಹೋಗಿ' ಎಂದು ಹಾಕಿಬಿಟ್ಟಿದ್ದ. (ಅರ್ಧ ಜನ ಖುಷಿಯಾಗಿ ಹೋಗಿಯೂ ಇದ್ದರು. ಹೊಟ್ಟೆ ಉರಿದದ್ದು ಅದಕ್ಕೇ.) ಕಾರ್ಯದರ್ಶಿಗಳು ಕೂಡಲೇ ಖಾತೆಗೆ ಎರಡು ಹಂತದ ಬೀಗ ಜಡಿದರು. ಪಾಸ್‌ವರ್ಡ್ ತಮ್ಮ ತಲೆಯಲ್ಲಿ, ಓಟಿಪಿ ಹೆಂಡತಿಯ ಫೋನಿಗೆ.

"ನನ್ನ ಫೋನ್ ಕಿತ್ಕೊಂಡ್ರೂ ಒಬ್ಬನೂ ಒಳಗೆ ನುಗ್ಗೋಕಾಗಲ್ಲ. ನಾನೇ ಬಂದು ಕಾಲಿಗೆ ಬಿದ್ರೂ ನಂಬರ್ ಕೊಡಬೇಡ!" ಎಂದು ರಾಜಾಜ್ಞೆಯನ್ನೂ ಹೊರಡಿಸಿದರು.

ಇವತ್ತು ಗೇಟ್ ಮುಂದೆ ಸಭೆ. ಪಾಳಿ ಮುಗಿಯುವುದರೊಳಗೆ ಸುದ್ದಿ ಹಾಕದಿದ್ದರೆ ಮೈಕಿನ ಮುಂದೆ ಕಾರ್ಯದರ್ಶಿ ಒಬ್ಬರೇ. ಖಾತೆ ಓಟಿಪಿ ಕೇಳಿತು.

"ಬಂತೇನೇ? ಬೇಗ ಹೇಳು!"

"ಕಾಲಿಗೆ ಬಿದ್ರೂ ಕೊಡಬೇಡ ಅಂದೋರು ಯಾರು?"

"ನಾನು! ಈಗ ಕೇಳ್ತಿರೋನೂ ನಾನೇ ಕಣೇ!"

"ಅದಕ್ಕೇನು ಸಾಕ್ಷಿ? ನಮ್ಮನೆಯವರು ಇಷ್ಟು ಮೆತ್ತಗೆ ಮಾತಾಡಲ್ಲ." ಆಕೆ ಫೋನನ್ನು ಸೆರಗಿನಡಿ ಸೇರಿಸಿದಳು. "ಇನ್ಮೇಲೆ ರಾತ್ರಿ ಪಾತ್ರೆ ನೀವು ತೊಳೀತೀರಾ? ಹೂಂ ಅನ್ನಿ, ಸಾಕು."

ಒಂದೇ ಅಕ್ಷರದ ಉತ್ತರ ಕಾರ್ಯದರ್ಶಿಗಳ ಜಾಯಮಾನದಲ್ಲೇ ಇಲ್ಲ. ಗಂಟಲು ಸರಿಮಾಡಿಕೊಂಡು, "ನೋಡು, ಮನೆಗೆಲಸದ ಪ್ರಶ್ನೆಯನ್ನು ಚಾರಿತ್ರಿಕವಾಗಿ..." ಎಂದು ಶುರುಹಚ್ಚಿಕೊಂಡರು.

"ಓಟಿಪಿ ಅವಧಿ ಮುಗೀತಂತೆ. ಬೇರೆ ತರಿಸಿ."

ತರಿಸಿದರು. "ಒಂದು ಸಮಿತಿ ಮಾಡೋಣ. ಅದು ವರದಿ ಕೊಡಲಿ..."

"ಸಮಿತಿ ಅಂದ್ರೆ ಮೂಗಿಗೆ ತುಪ್ಪ ಸವರೋದು ಅಂತ ಮೈಕಲ್ಲಿ ಕಿರುಚೋರು ನೀವೇ ಅಲ್ವಾ? ಹಾಂ, ಇದೂ ಮುಗೀತು."

ಗೋಡೆಯ ಗಡಿಯಾರ ನೋಡಿ ಕಾರ್ಯದರ್ಶಿಗಳು ಎರಡೂ ಕೈ ಮುಗಿದರು. "ಹೂಂ ಕಣೇ ತಾಯಿ! ಹೂಂ! ಹೂಂ!"

ನಂಬರ್ ಬಂತು, ಸುದ್ದಿ ಹೋಯಿತು, ಗೇಟ್ ಮುಂದೆ ಜನವೋ ಜನ. "ಯಾರ ಒತ್ತಡಕ್ಕೂ ನಾನು ಮಣಿದವನಲ್ಲ!" ಎಂದು ಕಾರ್ಯದರ್ಶಿಗಳು ಗುಡುಗಿದರು. ಚಪ್ಪಾಳೆಯ ಅಮಲಿನಲ್ಲೇ ಮನೆಗೆ ಬಂದು ಉಂಡೆದ್ದರೆ, ತೊಟ್ಟಿಯ ತುಂಬ ಪಾತ್ರೆ.

ಪಾತ್ರೆ ಮುಟ್ಟುವ ಮುನ್ನ ಗುಟ್ಟಾಗಿ ಫೋನ್ ತೆಗೆದರು. ಓಟಿಪಿಯನ್ನು ತಮ್ಮ ನಂಬರಿಗೇ ತಿರುಗಿಸಿಬಿಟ್ಟರೆ ಹೂಂ ಅಂದದ್ದಕ್ಕೆ ಯಾರಪ್ಪನ ಹೆದರಿಕೆ! ಹೊಸ ನಂಬರ್ ಒತ್ತಿದರು. ಬದಲಾಯಿಸುತ್ತಿರುವುದು ನೀವೇ ಎಂದು ತಿಳಿಯಲು ಹಳೆಯ ನಂಬರಿಗೆ ಓಟಿಪಿ ಕಳಿಸಿದ್ದೇವೆ ಎಂದಿತು ಖಾತೆ.

ಒಳಕೋಣೆಯಲ್ಲಿ 'ಟಿಣ್' ಎಂದಿತು.

"ರೀ! ಯಾವನೋ ಕಿಡಿಗೇಡಿ ಮತ್ತೆ ಸಂಘದ ಖಾತೆಗೆ ನುಗ್ತಿದಾನೆ!"

"ಹೌದಾ? ಏನೂ ಕೇಳಿಸ್ತಿಲ್ಲ ಕಣೇ, ಪಾತ್ರೆ ತೊಳೀತಿದೀನಿ," ಎಂದರು ಕಾರ್ಯದರ್ಶಿಗಳು, ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾ.