ನೀಲಿ ತುಂಬಿದ ನಲ್ಲಿಗಳು

ನೀರು ಸರಬರಾಜು ಕಚೇರಿಯ ನೌಕರರೆಲ್ಲರೂ ತಮ್ಮ ತಮ್ಮ ಪ್ಲ್ಯಾನರುಗಳನ್ನು ಸ್ಟೆನ್ಸಿಲ್ ಇಟ್ಟು ಅಲಂಕರಿಸತಕ್ಕದ್ದು ಎಂಬ ಆದೇಶ ಹೊರಟ ದಿನ ಊರಿನಲ್ಲಿ ನೀರು ಬಂದಿರಲಿಲ್ಲ. ಈ ಎರಡು ಸಂಗತಿಗಳಿಗೂ ಪರಸ್ಪರ ಸಂಬಂಧವಿರುವುದಿಲ್ಲವೆಂದು ಆದೇಶದ ಕೊನೆಯ ಸಾಲಿನಲ್ಲೇ ಸ್ಪಷ್ಟಪಡಿಸಲಾಗಿತ್ತು.

ಕಾರಣ ದೊಡ್ಡ ಸಾಹೇಬರು. ಒಡೆದ ಪೈಪುಗಳನ್ನು ಬೇಗ ಪತ್ತೆ ಹಚ್ಚುವುದು ಹೇಗೆ ಎಂಬ ತರಬೇತಿಗೆ ಮೇಲಿನವರು ಅವರನ್ನು ಕಳಿಸಿದ್ದರು. ಸಾಹೇಬರು ತಪ್ಪಿ ಪಕ್ಕದ ಸಭಾಂಗಣಕ್ಕೆ ಹೋಗಿ ಕೂತರು. ಅಲ್ಲಿ ಡೈರಿ, ಪ್ಲ್ಯಾನರುಗಳನ್ನು ಅಂದಗೊಳಿಸುವ ಶಿಬಿರ ನಡೆಯುತ್ತಿತ್ತು. ಸ್ಟೆನ್ಸಿಲ್ ಎಂಬ, ಆಕಾರ ಕೊರೆದ ಪ್ಲಾಸ್ಟಿಕ್ ಹಾಳೆಯನ್ನು ಕಾಗದದ ಮೇಲಿಟ್ಟು, ಸ್ಪಂಜಿನಿಂದ ಬಣ್ಣ ತಟ್ಟಿ, ಹಾಳೆ ಎತ್ತಿದರೆ ಕೆಳಗೆ ಹೂವು! ಇಷ್ಟು ವರ್ಷದ ಸೇವೆಯಲ್ಲಿ ಸಾಹೇಬರು ಒಂದು ಕೆಲಸ ಹೀಗೆ ಕಣ್ಣೆದುರಿಗೇ ಮುಗಿದದ್ದನ್ನು ನೋಡಿರಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಇಲಾಖೆಯಿಂದ ಆ ವಾರ ಬಂದ ನೀರು ಅದೊಂದೇ.

ಆದೇಶದಲ್ಲಿ ಸ್ಟೆನ್ಸಿಲ್ ಎಂದಿರಲಿಲ್ಲ, 'ಕೊರೆಯಚ್ಚು' ಎಂದಿತ್ತು. ಯಾರಿಗೂ ಅರ್ಥವಾಗಲಿಲ್ಲವಾದ್ದರಿಂದ, ಕೊರೆಯಚ್ಚು ಎಂದರೆ ಸ್ಟೆನ್ಸಿಲ್ ಎಂದು ಎರಡನೆಯ ಸುತ್ತೋಲೆ ಹೊರಟಿತು. ಎರಡನೆಯ ಸುತ್ತೋಲೆಯಲ್ಲಿ ಸ್ಟೆನ್ಸಿಲ್ ಎಂಬ ಪದ ಬಳಸಿದ್ದಕ್ಕೆ ಕಾರಣ ಕೇಳಿ ಮೂರನೆಯದು ಬಂತು. ಹೆಡ್ ಕ್ಲರ್ಕ್ ಮೂರನ್ನೂ ಒಂದೇ ಫೈಲಿನಲ್ಲಿ ಕಟ್ಟಿ, ಮೇಲೆ ಒಂದು ಹೂವು ಬಿಡಿಸಿ, ಕೈ ತೊಳೆದುಕೊಂಡರು. ಕೈ ತೊಳೆದುಕೊಂಡರು ಎಂಬುದು ಬರೀ ಮಾತಿಗೆ, ಕಚೇರಿಯ ನಲ್ಲಿಯಲ್ಲೂ ನೀರಿರಲಿಲ್ಲ.

ಸ್ಟೆನ್ಸಿಲ್ ಹಾಳೆಗಳನ್ನು ಪೂರೈಸುವ ಗುತ್ತಿಗೆ ಸಾಹೇಬರ ಬಾಮೈದನಿಗೆ ಸಿಕ್ಕಿತು. ಬಹಿರಂಗ ಟೆಂಡರ್ ಕರೆಯಲಾಗಿತ್ತು. ಬಾಮೈದ ಬಹಿರಂಗವಾಗಿಯೇ ಬಂದಿದ್ದ. ಆತ ಹಿಂದೆ ಇದೇ ಕಚೇರಿಗೆ ವಾಲ್ವುಗಳನ್ನು ಕೊಡುತ್ತಿದ್ದವನು. ವಾಲ್ವಿನಲ್ಲಿ ತೂತಿದ್ದರೆ ಜನ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಸ್ಟೆನ್ಸಿಲ್‌ನಲ್ಲಾದರೆ ತೂತು ಇಲ್ಲದಿದ್ದರೆ ಮಾತ್ರ ತಕರಾರು. ಇದು ಮರ್ಯಾದಸ್ಥರ ವ್ಯಾಪಾರ ಎಂದು ಅವನಿಗೆ ಮೊದಲ ದಿನವೇ ಅನ್ನಿಸಿಬಿಟ್ಟಿತು.

ಪ್ರತಿ ಹಾಳೆಯಲ್ಲೂ ಒಂದು ನಲ್ಲಿ, ಒಂದು ಹನಿ, ಒಂದು ಮನೆ, ಒಂದು ಬಸ್ಸು, ಅಂಚಿಗೆ ಬಳ್ಳಿ, ಜೊತೆಗೆ ದುಂಡು ಮುಖದಲ್ಲಿ ನಗುತ್ತ ನಿಂತ ಒಂದು ಮನುಷ್ಯಾಕೃತಿ ಇದ್ದವು. ಆ ಆಕೃತಿಯನ್ನು ನಿಯಮಾವಳಿಯಲ್ಲಿ 'ಸಂತುಷ್ಟ ನಾಗರಿಕ' ಎಂದು ಕರೆಯಲಾಗಿತ್ತು. ನಿಯಮ ಬಹಳ ಸರಳ. ನೀರು ಬರುತ್ತಿಲ್ಲವೆಂದು ದೂರು ಬಂದರೆ ಪ್ಲ್ಯಾನರಿನಲ್ಲಿ ನಲ್ಲಿಯ ಗೆರೆ ಮಾತ್ರ ಎಳೆಯಬೇಕು. ಆ ಮನೆಗೆ ನೀರು ಹರಿದ ಮೇಲೆ ನಲ್ಲಿಯೊಳಗೆ ನೀಲಿ ತುಂಬಬೇಕು.

ಈ ದೂರುಗಳು ಮೊದಲು ಬರುತ್ತಿದ್ದದ್ದು ಟಪಾಲು ವಿಭಾಗದ ಗುಮಾಸ್ತೆಯ ಮೇಜಿಗೆ. ಅವಳನ್ನು ಕಚೇರಿಯಲ್ಲಿ ಎಲ್ಲರೂ, ಅವಳಿಗಿಂತ ಹಿರಿಯರಾದ ಹೆಡ್ ಕ್ಲರ್ಕ್ ಕೂಡ, ಟಪಾಲಕ್ಕ ಎನ್ನುತ್ತಿದ್ದರು. ಟಪಾಲಕ್ಕನ ಗಂಡ ಬೇರೊಂದು ಊರಿನಲ್ಲಿ ಮೇಷ್ಟ್ರು. ಎರಡನೆಯ ತರಗತಿಯ ಮಗಳು ಅಲ್ಲೇ ಅಪ್ಪನ ಜೊತೆ ಇದ್ದಳು. ಟಪಾಲಕ್ಕ ಆ ಊರಿಗೆ ವರ್ಗ ಕೇಳಿ ಅರ್ಜಿ ಹಾಕಿ ಹಾಕಿ ಸೋತಿದ್ದಳು. ಶನಿವಾರ ಸಂಜೆ ಹೆಡ್ ಕ್ಲರ್ಕ್ ಅವರಿಂದ ಊರು ಬಿಡುವ ಅನುಮತಿ ಚೀಟಿಗೆ ಸಹಿ ಹಾಕಿಸಿಕೊಂಡು ಬಸ್ಸು ಹತ್ತುವುದು, ಭಾನುವಾರ ಸಂಜೆ ಮಗಳ ಕೈಯಿಂದ ಸೆರಗು ಬಿಡಿಸಿಕೊಂಡು ವಾಪಸ್ ಬಸ್ಸು ಹತ್ತುವುದು. ಆ ಸೆರಗು ಬಿಡಿಸಿಕೊಳ್ಳುವ ಹೊತ್ತಿಗೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವಳು ಚೆನ್ನಾಗಿಯೇ ಇದ್ದಳು.

ತಪ್ಪು ನಡೆದದ್ದು ಅವಳ ಅಚ್ಚುಕಟ್ಟಿನಿಂದ. ಸ್ಪಂಜಿಗೆ ಬಣ್ಣ ಜಾಸ್ತಿಯಾದರೆ ಅದು ಹಾಳೆಯ ಕೆಳಗೆ ಹರಿದು ಅಂಚು ಕೆಡುತ್ತದೆ. ಮೊದಲು ರದ್ದಿ ಕಾಗದಕ್ಕೆ ಒತ್ತಿ, ಆಮೇಲೆ ಮೆಲ್ಲಗೆ ತಟ್ಟಬೇಕು. ಈ ಹದ ಕಚೇರಿಯಲ್ಲಿ ಮೊದಲು ಹತ್ತಿದ್ದು ಟಪಾಲಕ್ಕನಿಗೆ. ತಿಂಗಳ ಕೊನೆಗೆ ಅವಳ ಪುಟಗಳ ತುಂಬ ಬರೀ ಗೆರೆಯ ನಲ್ಲಿಗಳು ಸಾಲಾಗಿ ನಿಂತವು. ಒಂದಕ್ಕೂ ಬಣ್ಣವಿಲ್ಲ. ನೋಡಲು ಬೋಳು ಬೋಳು. ಹೇಗೆ ಕಾಣುತ್ತದೋ ನೋಡೋಣ ಎಂದು ಒಂದಕ್ಕೆ ನೀಲಿ ತಟ್ಟಿದಳು. ಅದೊಂದು ತುಂಬಿದ ಮೇಲೆ ಪಕ್ಕದ್ದು ಇನ್ನೂ ಬೋಳಾಗಿ ಕಂಡಿತು. ಅದಕ್ಕೂ ತಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಪುಟಗಳೆಲ್ಲ ನೀಲಿಯಾಗಿದ್ದವು.

ಹೆಡ್ ಕ್ಲರ್ಕ್ ಬಂದು, ಕನ್ನಡಕ ಹಣೆಗೇರಿಸಿ, ನೀಲಿ ನಲ್ಲಿಗಳನ್ನು ಒಂದೊಂದಾಗಿ ಎಣಿಸಿ ವರದಿಗೆ ಸೇರಿಸಿಕೊಂಡರು.

"ಸರ್, ಅದು ಚೆನ್ನಾಗಿ ಕಾಣ್ಲಿ ಅಂತ ತುಂಬಿದ್ದು. ನೀರು ಬಂದಿಲ್ಲ," ಎಂದಳು ಟಪಾಲಕ್ಕ.

"ನೀರು ಬಂದಿದೆಯಾ ಅಂತ ವರದೀಲಿ ಕೇಳಿಲ್ಲಮ್ಮ. ನೀಲಿ ನಲ್ಲಿ ಎಷ್ಟು ಅಂತ ಕೇಳಿದ್ದಾರೆ. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಕೇಳದ್ದಕ್ಕೆ ಕೊಟ್ರೆ ಅದು ಅಧಿಕಪ್ರಸಂಗ."

ವರದಿ ಮೇಲೆ ಹೋಯಿತು. ಇಡೀ ಇಲಾಖೆಯಲ್ಲಿ ಇಷ್ಟು ನಲ್ಲಿಗಳಲ್ಲಿ ನೀರು ಹರಿಸಿದ ಕಚೇರಿ ಇನ್ನೊಂದಿಲ್ಲವೆಂದು ಪ್ರಶಂಸೆ ಬಂತು. ದೊಡ್ಡ ಸಾಹೇಬರು ಟಪಾಲಕ್ಕನನ್ನು ಕೋಣೆಗೆ ಕರೆಸಿ, ಕೂರಲು ಹೇಳಿದರು. ಆ ಕುರ್ಚಿಯಲ್ಲಿ ಅವಳು ಹಿಂದೆಂದೂ ಕೂತಿರಲಿಲ್ಲ.

"ನಿಮ್ಮ ವರ್ಗಾವಣೆ ಅರ್ಜಿ ನೋಡ್ದೆ. ಮಗು ಆ ಊರಲ್ಲಿದೆಯಂತೆ. ಇನ್ಮೇಲೆ ವರ್ಗಾವಣೆ ಎಲ್ಲ ಪ್ಲ್ಯಾನರ್ ನೋಡಿಯೇ. ಹೀಗೇ ಮುಂದುವರಿಸಿ. ವರ್ಷದ ಕೊನೆಗೆ ನಿಮ್ಮದೇ ಮೊದಲ ಹೆಸರು."

ನಿಜ ಹೇಳಬೇಕೆಂದು ಬಂದಿದ್ದ ಟಪಾಲಕ್ಕ ನಾಲಿಗೆ ಕಚ್ಚಿಕೊಂಡಳು. ಸೆರಗು ಹಿಡಿದ ಪುಟ್ಟ ಕೈ ಕಣ್ಣ ಮುಂದೆ ಬಂತು. ಹೊರಗೆ ಬಂದು ಇನ್ನೊಂದು ಬಾಟಲಿ ನೀಲಿ ಬಣ್ಣಕ್ಕೆ ಬೇಡಿಕೆ ಸಲ್ಲಿಸಿದಳು. ಅದು ಅದೇ ದಿನ ಮಂಜೂರಾಯಿತು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಅಡ್ಡಿಯಾದವನು ಕಚೇರಿಯ ಫಿಟ್ಟರ್ ಒಬ್ಬನೇ. ಅವನು ಹಳೇ ಚಾಳಿ ಬಿಡದೆ ಗುಂಡಿಗಿಳಿದು ಪೈಪು ಕಟ್ಟಿ ಬರುತ್ತಿದ್ದ. ಒದ್ದೆ ಕೈಯಲ್ಲೇ ಪ್ಲ್ಯಾನರ್ ಮುಟ್ಟುತ್ತಿದ್ದ. ಅವನ ನಲ್ಲಿಗಳೆಲ್ಲ ಕದಡಿ, ಬದನೆಕಾಯಿಯೋ ನಲ್ಲಿಯೋ ಹೇಳಲಾರದಂತೆ ಕಾಣುತ್ತಿದ್ದವು. ಅವನಿಗೆ ನೋಟಿಸು ಕೊಡಲಾಯಿತು: "ತಾವು ಕರ್ತವ್ಯದ ಅವಧಿಯಲ್ಲಿ ನೀರಿನ ಸಂಪರ್ಕಕ್ಕೆ ಬಂದಿರುವುದು ತಮ್ಮ ಪ್ಲ್ಯಾನರಿನಿಂದ ಸಾಬೀತಾಗಿದ್ದು, ಇನ್ನು ಮುಂದೆ ಒಣಗಿದ ಕೈಗಳಿಂದ ಮಾತ್ರ ಕೆಲಸ ನಿರ್ವಹಿಸತಕ್ಕದ್ದು."

"ಅಲ್ಲಕ್ಕಾ, ಪೈಪ್ ರಿಪೇರಿ ಮಾಡಿದ್ರೆ ಕೈ ಒದ್ದೆ ಆಗ್ದೆ ಇರುತ್ತಾ?" ಎಂದು ಫಿಟ್ಟರ್ ಟಪಾಲಕ್ಕನ ಮೇಜಿನ ಮುಂದೆ ತಲೆ ಕೆರೆದುಕೊಂಡ.

"ಅದಕ್ಕೇ ಮಾಡ್ಬೇಡ ಅಂತಿದ್ದಾರೆ ಕಣೋ," ಎಂದಳು ಟಪಾಲಕ್ಕ.

ಫಿಟ್ಟರ್ ಯೋಚಿಸಿದ. ಬಿಸಿಲಿಲ್ಲ, ಕೆಸರಿಲ್ಲ, ತಲೆಯ ಮೇಲೆ ಫ್ಯಾನು. ಮರುದಿನದಿಂದ ಒಳಗೇ ಕೂತು ಅಂಚಿನ ಬಳ್ಳಿ ತಟ್ಟುವುದನ್ನು ಕಲಿತ. ಎಲೆಗೆ ಎರಡು ಹಸಿರು ಬೆರೆಸುವುದನ್ನು ಕಂಡುಹಿಡಿದು ಬಡ್ತಿಯನ್ನೂ ಪಡೆದ. ಊರಿನ ಪೈಪುಗಳು ತಮ್ಮ ಪಾಡಿಗೆ ತಾವು ಒಡೆದುಕೊಳ್ಳತೊಡಗಿದವು. ನೀರು ಬೇಕೇ ಬೇಕೆಂದು ಹಠ ಹಿಡಿಯುವವರಿಗಾಗಿ ಬಾಮೈದ ಟ್ಯಾಂಕರ್ ಇಟ್ಟ. ಟ್ಯಾಂಕರಿನ ಎರಡೂ ಪಕ್ಕೆಗಳಲ್ಲಿ ಸಂತುಷ್ಟ ನಾಗರಿಕ ನಗುತ್ತಿದ್ದ.

ಒಂದು ದಿನ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಒಬ್ಬ ಅಜ್ಜಿ ಬಂದರು. ಟ್ಯಾಂಕರಿಗೆ ಕೊಡಲು ಅವರ ಕೈಲಿ ಕಾಸಿರಲಿಲ್ಲ. ಕೊಡವನ್ನು ಟಪಾಲಕ್ಕನ ಮೇಜಿನ ಮೇಲೆ ಇಟ್ಟೇಬಿಟ್ಟರು.

"ನಮ್ಮ ಬೀದಿಗೆ ನೀರು ಬಂದು ಎಷ್ಟು ದಿನ ಆಯ್ತು ಗೊತ್ತಾ ಮಗಳೇ?"

ಟಪಾಲಕ್ಕ ನಿಯಮದ ಪ್ರಕಾರ ಪ್ಲ್ಯಾನರ್ ತೆರೆದು ತೋರಿಸಿದಳು. "ಬಂದಿದೆ ನೋಡಿ ಅಜ್ಜಿ. ನಿಮ್ಮ ಬೀದಿ, ನಿಮ್ಮ ಮನೆ, ಇದು ನಿಮ್ಮ ನಲ್ಲಿ."

ಅಜ್ಜಿ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಎಷ್ಟು ಲಕ್ಷಣವಾಗಿ ಬಿಡಿಸಿದ್ದೀಯಮ್ಮ! ಕೈ ಚೆನ್ನಾಗಿದೆ. ಆದ್ರೆ ಕೊಡ ಎಲ್ಲಿ ಹಿಡೀಲಿ?"

ಅಜ್ಜಿ ಚುಚ್ಚಿ ಮಾತಾಡಿರಲಿಲ್ಲ. ನಿಜವಾಗಿಯೂ ಕೇಳಿದ್ದರು. ಟಪಾಲಕ್ಕನಿಗೆ ಮುಖ ಎತ್ತಲಾಗಲಿಲ್ಲ, ಅಷ್ಟು ನಾಚಿಕೆಯಾಯಿತು. ಅಜ್ಜಿ ಹೋದ ಮೇಲೆ ಬಿಳಿ ಬಣ್ಣ ತೆಗೆದುಕೊಂಡು, ಆ ಬೀದಿಯ ನಲ್ಲಿಗಳ ಒಳಗಿನ ನೀಲಿಯನ್ನೆಲ್ಲ ಮುಚ್ಚಿದಳು. ಗೆರೆ ಮಾತ್ರ ಉಳಿಸಿದಳು. ಬಹಳ ದಿನಗಳ ನಂತರ ಅವಳ ಎದೆ ಹಗುರಾಯಿತು.

ಆ ಹಗುರ ಸಂಜೆಯವರೆಗೂ ಉಳಿಯಲಿಲ್ಲ. ಹೆಡ್ ಕ್ಲರ್ಕ್ ಪುಟ ನೋಡಿ ಎದೆ ಹಿಡಿದುಕೊಂಡರು. ದೊಡ್ಡ ಸಾಹೇಬರ ಸಹಿಯುಳ್ಳ ಆಪಾದನಾ ಪಟ್ಟಿ ಮೇಜಿಗೆ ಬಂತು: "ಈ ದಿನ ಮಧ್ಯಾಹ್ನದವರೆಗೂ ಯಥೇಚ್ಛವಾಗಿ ನೀರು ಹರಿಯುತ್ತಿದ್ದ ಒಂದು ಇಡೀ ಬೀದಿಯ ನೀರನ್ನು ತಾವು ಮೇಲಧಿಕಾರಿಗಳ ಅನುಮತಿಯಿಲ್ಲದೆ, ಬಿಳಿ ಬಣ್ಣ ಬಳಸಿ ನಿಲ್ಲಿಸಿರುತ್ತೀರಿ. ವೃದ್ಧರೂ ಮಕ್ಕಳೂ ವಾಸಿಸುವ ಬೀದಿಯ ಬಗ್ಗೆ ಇಂಥ ನಿರ್ದಯ ವರ್ತನೆಗೆ ವಿವರಣೆ ನೀಡತಕ್ಕದ್ದು."

"ಅಲ್ಲಿ ನೀರೇ ಇರ್ಲಿಲ್ಲ ಸರ್," ಎಂದಳು ಟಪಾಲಕ್ಕ. ಹೆಡ್ ಕ್ಲರ್ಕ್ ಎದುರಿಗೇ ನಿಂತಿದ್ದರು.

"ಇರ್ಲಿಲ್ಲ ಅಂದ್ರೆ ನೀಲಿ ತುಂಬಿದ್ದು ಯಾರು?"

"ನಾನೇ."

"ಮತ್ತೆ? ನೀರು ಕೊಟ್ಟಿದ್ದೂ ನೀವೇ, ಕಿತ್ಕೊಂಡಿದ್ದೂ ನೀವೇ." ಹೆಡ್ ಕ್ಲರ್ಕ್ ದನಿ ತಗ್ಗಿಸಿದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. "ನೋಡಮ್ಮ, ವರ್ಗಾವಣೆ ಪಟ್ಟಿ ನಾಳೆ ಹೋಗುತ್ತೆ. ನಿಮ್ಮ ಹೆಸರು ಮೇಲಿದೆ. ನಾನು ಕಾಫಿಗೆ ಹೋಗಿ ಬರ್ತೀನಿ. ಬರೋದ್ರೊಳಗೆ ಆ ಬೀದಿಗೆ ನೀರು ಬಿಟ್ಟುಬಿಡಿ, ಈ ಪಟ್ಟಿ ವಾಪಸ್ ಹೋಗೋ ಹಾಗೆ ನಾನು ನೋಡ್ಕೋತೀನಿ."

ಅವರು ಕಾಫಿಯನ್ನು ಬೇಕೆಂದೇ ನಿಧಾನವಾಗಿ ಕುಡಿದರು. ಟಪಾಲಕ್ಕ ಸ್ಪಂಜು ಹಿಡಿದು ಬಹಳ ಹೊತ್ತು ಕೂತಿದ್ದಳು. ಮಗಳ ಹಾಲುಹಲ್ಲು ಬಿದ್ದದ್ದನ್ನು ಮೊನ್ನೆ ಫೋನಿನಲ್ಲಿ ಕೇಳಿದ್ದಳು. ಬಿದ್ದ ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಕೊನೆಗೆ ಸ್ಪಂಜನ್ನು ರದ್ದಿ ಕಾಗದಕ್ಕೆ ಒತ್ತಿ, ಮೆಲ್ಲಗೆ ತಟ್ಟಿದಳು. ಬೀದಿಗೆ ನೀರು ಬಂತು.

ವರ್ಗಾವಣೆ ಆಯಿತು. ದೊಡ್ಡ ಸಾಹೇಬರು ಎಲ್ಲರನ್ನೂ ಸೇರಿಸಿ, ಚಪ್ಪಾಳೆಗಳ ನಡುವೆ, ಟಪಾಲಕ್ಕನ ಪ್ಲ್ಯಾನರಿನಲ್ಲಿ ತಮ್ಮ ಕೈಯಾರೆ ಒಂದು ಬಸ್ಸು ತಟ್ಟಿದರು. ಬಸ್ಸಿನ ಮುಂದೆ ಒಂದು ಮನೆ ತಟ್ಟಿದರು. ಎರಡಕ್ಕೂ ಬಣ್ಣ ತುಂಬಿದರು. ಫಿಟ್ಟರ್ ಸುತ್ತಲೂ ಬಳ್ಳಿ ಹಬ್ಬಿಸಿದ. ಗಂಡನ ಊರಿನ ಕಚೇರಿಗೂ ಅಲ್ಲಿನ ಮನೆಗೂ ಅವಳು ಬಂದು ಸೇರಿರುವುದಾಗಿ ಕಾಗದ ಹೋಯಿತು.

"ನನ್ನನ್ನ ಇಲ್ಲಿಂದ ಯಾವಾಗ ಬಿಡ್ತೀರಿ ಸರ್?" ಎಂದು ಕೇಳಿದಳು ಟಪಾಲಕ್ಕ. ಅವಳು ಆಗಲೇ ಟ್ರಂಕು ಕಟ್ಟಿಟ್ಟಿದ್ದಳು.

ಸಾಹೇಬರು ಅಕ್ಕರೆಯಿಂದ ನಕ್ಕರು. "ಬಸ್ಸಿಗೆ ಬಣ್ಣ ತುಂಬಿ ಆಯ್ತಲ್ಲಮ್ಮ. ನೀವು ಹೋಗಿ ಆಯ್ತು. ಇನ್ನು ಇಲ್ಲಿ ಟಪಾಲು ನೋಡೋಕೆ ಬೇರೆ ಜನ ಇಲ್ಲ, ಆದ್ದರಿಂದ ಇಲ್ಲೇ ಇರಿ. ನಿಮಗೆ ಅಲ್ಲೂ ಆಯ್ತು, ನಮಗೆ ಇಲ್ಲೂ ಆಯ್ತು."

ಎಲ್ಲರಿಗೂ ಅದು ನ್ಯಾಯವಾಗಿಯೇ ಕಂಡಿತು. ಆ ಶನಿವಾರ ಅವಳು ಎಂದಿನಂತೆ ಊರು ಬಿಡುವ ಅನುಮತಿ ಚೀಟಿ ಹಿಡಿದು ಹೋದಾಗ ಹೆಡ್ ಕ್ಲರ್ಕ್ ಪೆನ್ನು ಎತ್ತಿ, ಮತ್ತೆ ಕೆಳಗಿಟ್ಟರು. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು.

"ಅದೇ ಊರಲ್ಲಿ ಇರೋರಿಗೆ ಆ ಊರಿಗೆ ಹೋಗೋಕೆ ನಾನು ಹೇಗಮ್ಮ ಅನುಮತಿ ಕೊಡ್ಲಿ?"

ಟಪಾಲಕ್ಕ ಆ ಶನಿವಾರ ಬಸ್ಸು ಹತ್ತಲಿಲ್ಲ. ಮುಂದಿನ ಶನಿವಾರವೂ ಹತ್ತಲಿಲ್ಲ. ಸೋಮವಾರ ಕಚೇರಿಯ ಫೋನಿಗೆ ಮಗಳು ಕರೆ ಮಾಡಿದಳು. ಹಿಂದೊಮ್ಮೆ ಟಪಾಲಕ್ಕ ಅವಳಿಗೆ ಆಟಕ್ಕೆಂದು ಒಂದು ಸ್ಟೆನ್ಸಿಲ್ ಹಾಳೆ ಕೊಟ್ಟು, ನಿಯಮಗಳನ್ನೂ ಹೇಳಿಕೊಟ್ಟಿದ್ದಳು.

"ಅಮ್ಮಾ, ನೀನು ಬಂದಿದ್ದೀಯ ಅಂತ ಕಾಗದ ಬಂತು. ಅಪ್ಪ ನಿಂಗೂ ತಟ್ಟೆ ಹಾಕಿದ್ರು. ನಾನು ನಿನ್ನ ಚಿತ್ರ ಮಾಡಿದ್ದೀನಿ. ನಗ್ತಾ ನಿಂತಿರೋದು ಇದೆಯಲ್ಲ, ಅದನ್ನಿಟ್ಟು."

"ಹೌದಾ ಕಂದ? ಚೆನ್ನಾಗಿ ಬಂತಾ?"

"ಗೆರೆ ಮಾತ್ರ ಎಳೆದಿದ್ದೀನಿ. ಬಣ್ಣ ತುಂಬಿಲ್ಲ. ನೀನೇ ಹೇಳಿದ್ದೆಯಲ್ಲ, ನಿಜವಾಗ್ಲೂ ಬಂದ ಮೇಲೇ ತುಂಬಬೇಕು ಅಂತ."

ಮಗಳ ದನಿ ಫೋನಿನಿಂದ ಕೋಣೆಗೆಲ್ಲ ಕೇಳುತ್ತಿತ್ತು. ಹೆಡ್ ಕ್ಲರ್ಕ್ ಫೈಲಿನೊಳಗೆ ಮುಖ ಹುದುಗಿಸಿಕೊಂಡರು. ಫಿಟ್ಟರ್ ಎಲೆಗೆ ಹಸಿರು ತಟ್ಟುವುದನ್ನು ನಿಲ್ಲಿಸಿದ. ಅಷ್ಟರಲ್ಲಿ ಕೊಡದ ಅಜ್ಜಿ ಮೇಜಿನ ಮುಂದೆ ಬಂದು ನಿಂತಿದ್ದರು. ಈಗ ಅವರ ಸೊಂಟದಲ್ಲಿ ಕೊಡವಿರಲಿಲ್ಲ. ಪ್ರತಿ ಮನೆಗೂ ಕಡ್ಡಾಯವಾಗಿ ಹಂಚಲಾದ ನಾಗರಿಕ ಪ್ಲ್ಯಾನರ್ ಇತ್ತು.

"ತುಂಬಿಬಿಡು ಕಂದ," ಎಂದಳು ಟಪಾಲಕ್ಕ.

"ಯಾವ ಬಣ್ಣ?"

ಅವಳು ತನ್ನ ಸೀರೆ ನೋಡಿಕೊಂಡಳು. "ನೀಲಿ. ಸ್ಪಂಜನ್ನ ಮೊದ್ಲು ರದ್ದಿ ಕಾಗದಕ್ಕೆ ಒತ್ಕೋ. ಇಲ್ದಿದ್ರೆ ಅಂಚು ಕೆಡುತ್ತೆ."

ಫೋನಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಏನಾಗ್ಬೇಕಿತ್ತು ಅಜ್ಜಿ?" ಎಂದಳು.

ಅಜ್ಜಿ ತಮ್ಮ ಪ್ಲ್ಯಾನರ್ ತೆರೆದು ಮೇಜಿನ ಮೇಲಿಟ್ಟರು. "ನನ್ನ ನಲ್ಲಿ ಸ್ವಲ್ಪ ಮಾಸಿದೆ ಮಗಳೇ. ಎರಡು ದಿನದಿಂದ ನೀರು ಸಣ್ಣಗೆ ಬರ್ತಾ ಇದೆ. ಚೂರು ಗಟ್ಟಿಯಾಗಿ ತಟ್ಟಿ ಕೊಡ್ತೀಯಾ?"

ಟಪಾಲಕ್ಕ ಸ್ಪಂಜು ಎತ್ತಿಕೊಂಡಳು.