ತಳವಿಲ್ಲದ ಮಣ್ಣಿನ ವರ್ಗೀಕರಣ

ಎದೆಮಟ್ಟ ಅಗೆದರೂ ಕಲ್ಲು ಸಿಗದ, ಸುರಿದ ನೀರನ್ನು ನಿಲ್ಲಗೊಡದೆ ಒಳಕ್ಕೆ ಇಳಿಸಿಕೊಳ್ಳುವ, ಗುಡ್ಡದ ಇಳಿಜಾರಿನಲ್ಲಿದ್ದು ಹುಲ್ಲನ್ನಷ್ಟೇ ಹೊರುವ ಮಣ್ಣು ನಮ್ಮ ಕಚೇರಿಯ ಪಟ್ಟಿಯಲ್ಲಿ ನಾಲ್ಕನೇ ವರ್ಗಕ್ಕೆ ಸೇರುತ್ತದೆ. ನಾಲ್ಕನೇ ವರ್ಗದ ಗುಡ್ಡದ ಮೇಲೆ ಕುರಿ ಮೇಯಿಸಬಹುದು. ವರ್ಗ ನಿರ್ಧಾರವಾಗದ ಗುಡ್ಡದ ಮೇಲೂ ಹುಲ್ಲು ಬೆಳೆಯಬಹುದು, ಅದಕ್ಕೆ ಕಚೇರಿಯ ಆಕ್ಷೇಪಣೆ ಇಲ್ಲ. ಆದರೆ ಅದನ್ನು ಯಾರೂ ತಿನ್ನುವಂತಿಲ್ಲ.

ಈ ಪಟ್ಟಿಯನ್ನು ನೋಡದೆ ಒಪ್ಪಿಸಬಲ್ಲ ಕ್ಷೇತ್ರ ಸಹಾಯಕ ಇಡೀ ಮಣ್ಣು ವರ್ಗೀಕರಣ ಕಚೇರಿಯಲ್ಲಿ ನಾನೊಬ್ಬನೇ. ಕೊಚ್ಚಿಕೊಳ್ಳುತ್ತಿಲ್ಲ, ಕಚೇರಿಯಲ್ಲಿ ಕ್ಷೇತ್ರ ಸಹಾಯಕ ಅಂತ ಇರುವುದೇ ನಾನೊಬ್ಬ. ಹಳ್ಳಿಯಲ್ಲಿ ಹುಟ್ಟಿ, ಹಳ್ಳಿಯಲ್ಲೇ ಬೆಳೆದು, ಎರಡನೇ ವಯಸ್ಸಿಗೇ ಮಣ್ಣು ತಿಂದು ಅದರ ಬೆನ್ನಿಗೇ ಏಟನ್ನೂ ತಿಂದವನು. ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ರಿಬ್ಬನ್ನಿನ ಹಾಗೆ ಎಳೆದರೆ, ಅದು ಎಷ್ಟುದ್ದಕ್ಕೆ ಮುರಿಯುತ್ತದೆ ಎನ್ನುವುದರ ಮೇಲೆ ಜೇಡಿ ಎಷ್ಟು, ಮರಳು ಎಷ್ಟು ಎಂದು ಹೇಳಬಹುದು. ನಾನು ಎಳೆಯುವ ರಿಬ್ಬನ್ ಬೇರೆ ಯಾರು ಎಳೆದದ್ದಕ್ಕಿಂತಲೂ ಉದ್ದ ಬರುತ್ತದೆ. ಹೀಗಾಗಿ ನಮ್ಮ ವ್ಯಾಪ್ತಿಯ ಮಣ್ಣೆಲ್ಲ ಭೂಮಿಯಲ್ಲಿ ಇರುವುದಕ್ಕಿಂತ ದಾಖಲೆಯಲ್ಲಿ ಹೆಚ್ಚು ಜೇಡಿಯಾಗಿದೆ. ಅದು ನನ್ನ ಹೆಬ್ಬೆರಳಿನ ಹಿರಿಮೆ, ಮಣ್ಣಿನ ತಪ್ಪಲ್ಲ.

ಬಣ್ಣ ನೋಡುವುದಕ್ಕೂ ಒಂದು ಪುಸ್ತಕವಿದೆ. ಅದರಲ್ಲಿ ನೂರಾರು ಬಣ್ಣದ ಚೂರುಗಳನ್ನು ಅಂಟಿಸಿರುತ್ತಾರೆ. ಮಣ್ಣನ್ನು ಪಕ್ಕಕ್ಕೆ ಹಿಡಿದು ಹೋಲಿಸಬೇಕು. ನಮ್ಮ ಪುಸ್ತಕದಲ್ಲಿ ಕಡುಗಂದಿನ ಚೂರು ಬಹಳ ಹಿಂದೆಯೇ ಉದುರಿ ಹೋಗಿ, ಯಾರೋ ಪುಣ್ಯಾತ್ಮರು ಆ ಜಾಗಕ್ಕೆ ಫೈಲಿನ ರಟ್ಟನ್ನು ಕತ್ತರಿಸಿ ಅಂಟಿಸಿದ್ದಾರೆ. ಅಂದಿನಿಂದ ನಮ್ಮ ಅರ್ಧಕ್ಕರ್ಧ ಗುಡ್ಡಗಳು ರಟ್ಟಿನ ಬಣ್ಣಕ್ಕೆ ತಿರುಗಿವೆ.

ನನ್ನ ಅಕ್ಕ ಭಾವನಿಗೆ ಅರವತ್ತು ಕುರಿಗಳಿವೆ. ಅವು ಮೇಯುವ ಗುಡ್ಡದ ಪರವಾನಗಿ ಮುಗಿಯುತ್ತಾ ಬಂದಿತ್ತು. ಮುಂದಿನ ಮೂವತ್ತು ವರ್ಷಕ್ಕೆ ಪರವಾನಗಿ ಬೇಕಾದರೆ ಆ ಮಣ್ಣು ನಾಲ್ಕನೇ ವರ್ಗದ್ದೆಂದು ಕಚೇರಿ ಬರೆದುಕೊಡಬೇಕು. ಬರೆದುಕೊಡದಿದ್ದರೆ ಗುಡ್ಡಕ್ಕೆ ಬೇಲಿ, ಕುರಿಗಳು ಕಟುಕನ ಲಾರಿಗೆ. ಅವರಿಗೆ ಬೇರೆ ಹುಲ್ಲೂ ಇರಲಿಲ್ಲ, ಬೇರೆ ಕಸುಬೂ ಗೊತ್ತಿರಲಿಲ್ಲ. ನಾನು ಎದೆ ತಟ್ಟಿ, ನಾನಿರುವಾಗ ನಿನಗ್ಯಾಕೆ ಚಿಂತೆ ಎಂದೆ.

"ನೀನಿರೋದೇ ಚಿಂತೆ ಕಣೋ," ಎಂದಳು ಅಕ್ಕ.

ನಿಗದಿಯಾದ ದಿನ ಗುಡ್ಡಕ್ಕೆ ಹೋದೆವು. ಭಾವ ಅಗೆದ. ನಾನು ಗುಂಡಿಯ ಅಂಚಿನಲ್ಲಿ ನಿಂತು ಅಗೆಯುವುದು ಹೇಗೆಂದು ಹೇಳಿಕೊಟ್ಟೆ. ಮೇಲೆ ಒಂದು ಮೊಳ ಬೇರು ತುಂಬಿದ ಕಪ್ಪು ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಡಿದರೆ ಕಾಳುಕಾಳಾಗಿ ಉದುರುವ ಕಂದು ಮಣ್ಣು, ಅದಕ್ಕೂ ಕೆಳಗೆ ಕೆಂಪು ಹಳದಿ ಬೆರೆತ ತರಿ ಮಣ್ಣು. ಒಂದೂವರೆ ಮೀಟರ್ ಇಳಿದರೂ ಗುದ್ದಲಿ ಎಲ್ಲಿಯೂ ಠಣ್ ಅನ್ನಲಿಲ್ಲ. ಇಷ್ಟು ಒಳ್ಳೆಯ ಮಣ್ಣನ್ನು ನಾನು ಅದುವರೆಗೆ ನೋಡಿರಲಿಲ್ಲ.

ಫಾರಂನಲ್ಲಿ 'ತಳ ಸಿಕ್ಕ ಆಳ' ಎಂಬ ಕಲಂ ಇದೆ. ಇಂಥ ಕಡೆ 'ಒಂದೂವರೆ ಮೀಟರಿಗಿಂತ ಹೆಚ್ಚು' ಎಂದು ಬರೆದು ಮನೆಗೆ ಹೋಗುವುದು ವಾಡಿಕೆ. ಬರೆದಿದ್ದರೆ ಅಕ್ಕನ ಕೆಲಸ ಅಂದೇ ಮುಗಿಯುತ್ತಿತ್ತು. ಆದರೆ ನನಗೆ ಹತ್ತೊಂಬತ್ತನೇ ನಿಯಮ ನೆನಪಾಯಿತು. ಪಟ್ಟಿಯ ಯಾವ ವರ್ಗಕ್ಕೂ ಸೇರದ ಮಣ್ಣನ್ನು ಯಾರು ಮೊದಲು ಕಾಣುತ್ತಾರೋ ಆ ಮಣ್ಣಿಗೆ ಅವರ ಹೆಸರನ್ನೇ ಇಡತಕ್ಕದ್ದು. ಪಟ್ಟಿಯಲ್ಲಿ ಆಳವಾದ ಮಣ್ಣು, ಅತಿ ಆಳವಾದ ಮಣ್ಣು ಎಲ್ಲವೂ ಇದ್ದವು. ತಳವೇ ಇಲ್ಲದ ಮಣ್ಣು ಇರಲಿಲ್ಲ. ಮಕ್ಕಳು ಶಾಲೆಯಲ್ಲಿ ನನ್ನ ಹೆಸರನ್ನು ಉರು ಹೊಡೆಯುವುದು ಕಣ್ಣಿಗೆ ಕಟ್ಟಿತು. ಪೆನ್ನು ತೆಗೆದು 'ತಳ ಇಲ್ಲ' ಎಂದು ಬರೆದೆ. ಅಡಿಗೆರೆಯನ್ನೂ ಎಳೆದೆ.

ವರದಿ ಹಿರಿಯ ವರ್ಗೀಕರಣಾಧಿಕಾರಿಗಳ ಮೇಜಿಗೆ ಹೋಯಿತು. ಕಚೇರಿಯಲ್ಲಿ ಅವರನ್ನು ಬೆನ್ನ ಹಿಂದೆ ಅಲ್ಪವಿರಾಮ ಎನ್ನುತ್ತಾರೆ. ಅವರು ಯಾವ ಫೈಲನ್ನೂ ಮುಗಿಸುವುದಿಲ್ಲ, ಸ್ವಲ್ಪ ನಿಲ್ಲಿಸುತ್ತಾರೆ, ಅಷ್ಟೆ. ಅವರು ನನ್ನನ್ನು ಕರೆಸಿ, ಕನ್ನಡಕ ಒರೆಸಿಕೊಂಡು, ತಳ ಇಲ್ಲ ಎಂದರೆ ಆಚೆ ಕಡೆ ಏನಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

"ಇನ್ನೊಂದು ದೇಶ ಇದ್ದರೆ ಅವರ ಒಪ್ಪಿಗೆ ಬೇಕಾಗುತ್ತಪ್ಪಾ," ಎಂದರು.

'ತಳ ಇಲ್ಲ' ಎನ್ನುವುದನ್ನು ಹೊಡೆದುಹಾಕಿ ವಾಡಿಕೆಯ ಹಾಗೆ ಬರೆದುಬಿಡಲೇ ಎಂದು ಕೇಳಿದೆ. ಸಾಹೇಬರು ಕೈಯೆತ್ತಿ ತಡೆದರು. "ದಾಖಲೆ ತಿದ್ದೋದು ಅಪರಾಧ. ಗುಡ್ಡ ತಿದ್ದೋದು ಕಾಮಗಾರಿ," ಎಂದರು.

ಮರುದಿನ ಸೂಚನಾಫಲಕದ ಮೇಲೆ ಪ್ರಕಟಣೆ ಬಿತ್ತು: 'ಈ ಮೂಲಕ ತಿಳಿಸುವುದೇನೆಂದರೆ, ಸದರಿ ಗುಡ್ಡದ ತಳ ಕಾಣೆಯಾಗಿದ್ದು, ಅದನ್ನು ಪತ್ತೆಹಚ್ಚಲು ಏಳು ಜನರ ಸಮಿತಿ ರಚಿಸಲಾಗಿದೆ. ತಳದ ಸುಳಿವು ಸಿಕ್ಕವರು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ತಳ ಸಿಗುವವರೆಗೆ ಕುರಿಗಳು ಎಂದಿನಂತೆ, ಆದರೆ ತಾತ್ಕಾಲಿಕವಾಗಿ, ಮೇಯತಕ್ಕದ್ದು.'

ಸಮಿತಿ ಗುಡ್ಡಕ್ಕೆ ಬಂತು. ನಾನು ತೋರಿಸಿದ ಗುಂಡಿಯನ್ನು ನೋಡಲು ಅವರು ಒಪ್ಪಲಿಲ್ಲ. ಪರಿಶೀಲಿಸಬೇಕಾದ್ದು ಯಾರೂ ಕದಡದ ಮಣ್ಣನ್ನು. ಇದನ್ನು ಈಗಾಗಲೇ ಒಬ್ಬರು ಅಗೆದಿರುವುದರಿಂದ ಇದು ಕದಡಿದ ಮಣ್ಣು ಎಂದರು. ಮಾತು ನ್ಯಾಯವಾಗಿತ್ತು. ಹೊಸ ಗುಂಡಿ ತೋಡಿಸಿದರು. ಮೊದಲನೇ ಸದಸ್ಯರು ಇಳಿದು ನೋಡಿ ಮೇಲೆ ಬಂದ ಮೇಲೆ ಆ ಮಣ್ಣೂ ಕದಡಿತು. ಎರಡನೆಯವರಿಗೆ ಇನ್ನೊಂದು ತೋಡಿಸಬೇಕಾಯಿತು. ಸಂಜೆಯ ಹೊತ್ತಿಗೆ ಏಳು ಹೊಸ ಗುಂಡಿಗಳಾಗಿದ್ದವು, ಒಂದರಲ್ಲೂ ತಳ ಇರಲಿಲ್ಲ. ಪ್ರತಿ ಗುಂಡಿಯಿಂದ ತೆಗೆದ ಮಣ್ಣನ್ನು ಕಪ್ಪು, ಕಂದು, ಕೆಂಪು ಎಂದು ಮೂರು ಬೇರೆ ಬೇರೆ ರಾಶಿ ಮಾಡಿ ಹುಲ್ಲಿನ ಮೇಲೆ ಹಾಕಿ, ಪ್ರತಿ ರಾಶಿಗೂ ಹಲಗೆ ನೆಡಲಾಯಿತು. ಕುರಿಗಳು ಗುಂಡಿಗೆ ಬೀಳಬಾರದೆಂದು ಸುತ್ತ ಬೇಲಿ ಹಾಕಲಾಯಿತು. ಕುರಿಗಳ ಹಿತವನ್ನು ಕಚೇರಿ ಎಂದೂ ಮರೆತದ್ದಿಲ್ಲ.

ಆಮೇಲೆ ನೀರಿನ ಪರೀಕ್ಷೆ. ಇಪ್ಪತ್ತು ಕೊಡ ನೀರನ್ನು ಗುಂಡಿಗೆ ಸುರಿದೆವು. ಹನ್ನೊಂದು ನಿಮಿಷದಲ್ಲಿ ಒಂದು ಹನಿಯೂ ಉಳಿಯಲಿಲ್ಲ. ಮಣ್ಣು ಎಂದರೆ ಹೀಗಿರಬೇಕು ಎಂದು ನಾನು ಮೀಸೆ ತಿರುವಿದೆ. ಆದರೆ ಫಾರಂನಲ್ಲಿ 'ನೀರು ತಲುಪಿದ ಸ್ಥಳ' ಎಂಬ ಇನ್ನೊಂದು ಕಲಂ ಇತ್ತು. ತಳ ಇದ್ದಿದ್ದರೆ 'ತಳ' ಎಂದು ಬರೆದರೆ ಸಾಕಿತ್ತು. ಹೋದ ನೀರನ್ನು ಸ್ವೀಕರಿಸಿ ಸಹಿ ಮಾಡಲು ಗುಡ್ಡದ ಬುಡದಲ್ಲಿ ಒಬ್ಬ ಗುಮಾಸ್ತರನ್ನು ಕುರ್ಚಿ, ಕೊಡೆ, ರಿಜಿಸ್ಟರ್ ಸಮೇತ ಕೂರಿಸಿದರು. ಅವರು ನಾಲ್ಕು ದಿನ ಕಾದರು. ಐದನೇ ದಿನ ಮಳೆ ಬಂತು. ಇಪ್ಪತ್ತು ಕೊಡಕ್ಕಿಂತ ಹೆಚ್ಚಿಗೆ ಬಂದ ನೀರನ್ನು ಮರಳಿಸುವುದು ಯಾರಿಗೆಂದು ಕೇಳಿ ಅವರು ಬರೆದ ಪತ್ರ ಈಗಲೂ ಅಲ್ಪವಿರಾಮರ ಮೇಜಿನ ಮೇಲಿದೆ.

ಹೀಗೆ ಹನ್ನೊಂದು ವಾರ ನಡೆಯಿತು. ಸಮಿತಿಯ ಮೇಲೆ ಒಂದು ಸಮಿತಿ ಬಂತು. ಅವರಿಗೂ ಕದಡದ ಮಣ್ಣೇ ಬೇಕಿತ್ತು. ಒಟ್ಟು ನಲವತ್ತೊಂದು ಗುಂಡಿ, ನೂರ ಇಪ್ಪತ್ಮೂರು ರಾಶಿ. ಕುರಿಗಳು ಬೇಲಿಗಳ ಸಂದಿಯಲ್ಲಿ ಒಂದರ ಹಿಂದೊಂದು ಸಾಲಾಗಿ ಓಡಾಡುವುದನ್ನು ಕಲಿತವು. ಭಾವ ಅಗೆದೂ ಅಗೆದೂ ಅಂಗೈ ಒಡೆದುಕೊಂಡಿದ್ದ. ಕುರಿಗಳ ಪಕ್ಕೆಲುಬು ಎಣಿಸುವ ಹಾಗಾಗಿತ್ತು.

ಒಂದು ಮಧ್ಯಾಹ್ನ ಅಕ್ಕ ಬಂದು ಹದಿನೇಳನೇ ಗುಂಡಿಯ ಪಕ್ಕ ನನ್ನೆದುರು ನಿಂತಳು. ಯಾರೋ ಗುಮಾಸ್ತರು ಬಾಯಿಬಿಟ್ಟಿದ್ದರು.

"ಒಂದು ಸಾಲು ಬರೆದಿದ್ರೆ ಅವತ್ತೇ ಮುಗೀತಿತ್ತಂತೆ?"

"ಮುಗೀತಿತ್ತು."

"ಮತ್ತೆ ಯಾಕೋ ಬರೀಲಿಲ್ಲ?"

ಸುಳ್ಳು ಹೇಳಬಹುದಿತ್ತು; ನನಗೆ ಅದೂ ಚೆನ್ನಾಗಿ ಬರುತ್ತದೆ. ಆದರೆ ಒಂದು ಕುರಿ ಬೇಲಿಯ ಕಂಬವನ್ನು ನೆಕ್ಕುತ್ತಿತ್ತು. ಮಣ್ಣಿಗೆ ನನ್ನ ಹೆಸರು ಬರುತ್ತದೆಂಬ ಆಸೆಗೆ ಎಂದು ಹೇಳಿಬಿಟ್ಟೆ.

ಅಕ್ಕ ಆ ಕುರಿಯನ್ನು ಕಂಬದಿಂದ ಈಚೆಗೆ ಎಳೆದಳು. "ಅಷ್ಟಕ್ಕೆ ಇಷ್ಟೆಲ್ಲ ಅಗೆಸಬೇಕಿತ್ತಾ? ಹುಟ್ಟಿದಾಗಿಂದ ನಾನು ನಿನ್ನ ಮಣ್ಣುಮುಕ್ಕ ಅಂತಾನೇ ಕರೀತಿಲ್ವಾ," ಎಂದು ಕುರಿಗಳ ಕಡೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಹಟಕ್ಕೆ ಬಿದ್ದೆ. ಮೊದಲ ಬಾರಿಗೆ ಗುದ್ದಲಿ ಹಿಡಿದು ಭಾವನ ಜೊತೆ ನಾನೂ ಗುಂಡಿಗೆ ಇಳಿದೆ. ಮಣ್ಣನ್ನು ವರ್ಗೀಕರಿಸುವುದಕ್ಕೂ ಅಗೆಯುವುದಕ್ಕೂ ವ್ಯತ್ಯಾಸವಿದೆ ಎಂದು ಮೊದಲ ಕಾಲು ಗಂಟೆಯಲ್ಲೇ ನನ್ನ ಗಮನಕ್ಕೆ ಬಂತು. ಮೂರನೇ ದಿನ, ಮೂರೂವರೆ ಮೀಟರ್ ಆಳದಲ್ಲಿ, ಗುದ್ದಲಿ ಠಣ್ ಅಂದಿತು. ಮೇಲೆ ನಿಂತಿದ್ದ ಸಮಿತಿಯವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಭಾವ ಹಾರೆ ಹಾಕಿ ಮೀಟಿದ. ಮಲಗಿದ ಕುರಿಯಷ್ಟು ದೊಡ್ಡ ಕಲ್ಲೊಂದು ಮಗ್ಗುಲಾಯಿತು. ಅದರ ಕೆಳಗೆ ಮತ್ತೆ ಅದೇ ಕೆಂಪು ಮಣ್ಣು.

"ಇದು ತಳ ಅಲ್ಲ ಸ್ವಾಮಿ, ಬರೀ ಕಲ್ಲು," ಎಂದ ಭಾವ.

ಅಲ್ಪವಿರಾಮರು ಅಂಚಿಗೆ ಬಂದು ಬಗ್ಗಿ ನೋಡಿ, "ಎಲ್ಲಿತ್ತೋ ಅಲ್ಲೇ ಇಡಪ್ಪಾ ಅದನ್ನ," ಎಂದರು. ಭಾವ ಇಟ್ಟ. ಟೇಪು ಹಿಡಿದು ಅಳೆದರು. ತಳ ಪತ್ತೆಯಾಗಿದೆ ಎಂದು ಸ್ಥಳದಲ್ಲೇ ಮಹಜರು ಬರೆದರು.

ಒಂದು ಗುಂಡಿಯಲ್ಲಿ ತಳವಿದ್ದು ಉಳಿದ ನಲವತ್ತರಲ್ಲಿ ಇಲ್ಲದಿದ್ದರೆ ಲೆಕ್ಕಪರಿಶೋಧನೆಯವರು ಬಿಡುವುದಿಲ್ಲ. ಆದ್ದರಿಂದ ಅದೇ ಕಲ್ಲಿಗೆ ಹಗ್ಗ ಬಿಗಿದು ಒಂದೊಂದೇ ಗುಂಡಿಗೆ ಇಳಿಸಿ, ಅಳೆದು, ಎತ್ತಿ, ಮುಂದಿನ ಗುಂಡಿಗೆ ಒಯ್ದೆವು. ಎರಡು ದಿನ ಹಿಡಿಯಿತು. ಇಡೀ ಗುಡ್ಡದ ತಳ ಒಂದೇ ತೆರನಾಗಿರುವುದು ವಿಶೇಷ ಎಂದು ಸಮಿತಿ ತನ್ನ ವರದಿಯಲ್ಲಿ ದಾಖಲಿಸಿತು.

ತಳ ಸಿಕ್ಕಿದ ಮೇಲೆ ಅದು ಪಟ್ಟಿಯಲ್ಲಿದ್ದ ಮಣ್ಣೇ ಆಯಿತು. ನನ್ನ ಹೆಸರು ಬಿದ್ದುಹೋಯಿತು. ಆಳವಾದ, ನೀರು ಚೆನ್ನಾಗಿ ಬಸಿಯುವ, ರಟ್ಟಿನ ಬಣ್ಣದ, ಗುಡ್ಡದ ಹುಲ್ಲುಗಾವಲಿನ ಮಣ್ಣು, ನಾಲ್ಕನೇ ವರ್ಗ, ಅತ್ಯುತ್ತಮ ಎಂಬ ಮೊಹರು ಬಿತ್ತು. ಅಕ್ಕನ ಹೆಸರಿಗೆ ಅರವತ್ತು ಕುರಿ, ಮೂವತ್ತು ವರ್ಷ ಎಂದು ಪರವಾನಗಿ ಬಂತು. ಅದನ್ನು ನಾನೇ ಕೈಯಾರೆ ಒಯ್ದು ಕೊಟ್ಟೆ. ಅಕ್ಕ ಅದನ್ನು ಎರಡು ಸಲ ಓದಿದಳು. ತಲೆಯೆತ್ತಿ ಗುಡ್ಡ ನೋಡಿದಳು. ಗುಂಡಿ, ರಾಶಿ, ಬೇಲಿ, ಹಲಗೆ.

"ಹುಲ್ಲೆಲ್ಲೋ?"

ನಾವು ನೋಡಿಕೊಳ್ಳುವುದು ಮಣ್ಣನ್ನು, ಹುಲ್ಲಿಗೆ ಬೇರೆ ಇಲಾಖೆ ಇದೆ ಎಂದು ವಿವರಿಸಿದೆ. ಗುಂಡಿ ಮುಚ್ಚಬಹುದಲ್ಲ ಎಂದಳು. ಮುಚ್ಚಿದರೆ ಕದಡಿದ ಮಣ್ಣಾಗುತ್ತದೆ, ಕದಡಿದ ಮಣ್ಣಿಗೆ ಪರವಾನಗಿ ರದ್ದಾಗುತ್ತದೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಯಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಅರವತ್ತು ಕುರಿಗಳನ್ನೂ ನಮ್ಮ ಕಚೇರಿಯ ಆವರಣಕ್ಕೆ ಹೊಡೆದುಕೊಂಡು ಬಂದಳು. ಅಲ್ಲಿ ಒಂದು ಗೇಣು ಅಗೆದರೆ ಇಟ್ಟಿಗೆ ಚೂರು ಏಳುತ್ತದೆ, ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತದೆ. ಹುಲ್ಲು ಮಾತ್ರ ಮೊಣಕಾಲೆತ್ತರ ಇತ್ತು. ಎಲ್ಲರೂ ಕಿಟಕಿಗೆ ಬಂದು, ನಿಯಮಾವಳಿ ತೆಗೆದು ನೋಡಿದರು. ಗುಡ್ಡದ ಮೇಲೆ ಮೇಯಿಸಲು ವರ್ಗ ಬೇಕು. ಈ ಜಾಗ ದಾಖಲೆಯಲ್ಲಿ ಗುಡ್ಡವೂ ಅಲ್ಲ, ನೆಲವೂ ಅಲ್ಲ, 'ಕಟ್ಟಡ'. ಕಟ್ಟಡದ ಮೇಲೆ ಕುರಿ ಮೇಯಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಅಲ್ಪವಿರಾಮರು 'ನೋಡಿದೆ' ಎಂದು ಬರೆದು ಸಹಿ ಹಾಕಿದರು.

ಈಗ ಅಲ್ಲಿ ಎಲ್ಲರೂ ಸುಖವಾಗಿದ್ದಾರೆ. ಗುಂಡಿಗಳನ್ನು ಯಾರೂ ಮುಚ್ಚದಂತೆ ಕಾಯಲು ಭಾವನನ್ನು ಕಾವಲುಗಾರನಾಗಿ ತೆಗೆದುಕೊಂಡಿದ್ದಾರೆ. ನನ್ನನ್ನು ಆವರಣದಲ್ಲಿ ಕುರಿ ಕಾಯುವ ಕರ್ತವ್ಯಕ್ಕೆ ಹಾಕಿದ್ದಾರೆ. ಹತ್ತರಿಂದ ಐದೂವರೆ, ಕೈಯಲ್ಲಿ ಕೋಲು. ಕುರಿಗಳು ನನ್ನ ಮಾತನ್ನು ಕೇಳುತ್ತವೆ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ನಾನು 'ಹೋಗಿ' ಎನ್ನುವುದು ಅವು ಹೊರಟ ಮೇಲೆ, ಅದು ಬೇರೆ ವಿಷಯ.

ಕ್ಷೇತ್ರಕಾರ್ಯದ ಹಾಜರಿಗೆ ಫಲಾನುಭವಿಯ ಸಹಿ ಬೇಕೆಂಬ ನಿಯಮವಿರುವುದರಿಂದ ಸಂಜೆ ಅಕ್ಕ ಬಂದು, ಕುರಿ ಎಣಿಸಿ, ನನ್ನ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾಳೆ. ಕಳೆದ ಗುರುವಾರ ಐವತ್ತೊಂಬತ್ತೇ ಬಂತು. ಅರವತ್ತನೆಯದು ಅಲ್ಪವಿರಾಮರ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮಲಗಿತ್ತು. ಅದರ ನಿದ್ದೆ ಕೆಡದಿರಲೆಂದು ಸಾಹೇಬರು ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಫೈಲು ನೋಡುತ್ತಿದ್ದರು. ಅಕ್ಕ ನನಗೆ ಅರ್ಧ ದಿನ ಗೈರುಹಾಜರಿ ಹಾಕಿದಳು. ಅದರ ವಿರುದ್ಧ ನಾನು ಮೇಲ್ಮನವಿ ಸಲ್ಲಿಸಿದ್ದೇನೆ. ನಿಯಮದ ಪ್ರಕಾರ ಅದು ಅಕ್ಕನ ಮುಂದೆಯೇ ವಿಚಾರಣೆಯಲ್ಲಿದೆ.